ಸುಪ್ರಿತಾಳ ಪರವಾಗಿ

ತನಗೆ ದೊಡ್ಡ ಅನ್ಯಾಯವಾಗಿದೆ ಎಂಬ ವಿಷಯ ಸುಪ್ರಿತಾಳಿಗೆ ಗೊತ್ತಾದದ್ದು ಸೋಮವಾರ ಬೆಳಿಗ್ಗೆ, ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಪ್ರಾರ್ಥನೆಗೆ ಸಾಲು ನಿಲ್ಲಿಸುತ್ತಿದ್ದಾಗ. ವಿಜ್ಞಾನದ ಟೀಚರ್ ಫರ್ಝಾನಾ ಹಿಂದಿನಿಂದ ಬಂದು ತಮ್ಮ ಫೋನನ್ನು ಅವಳ ಕೈಗಿಟ್ಟರು.

“ನಿನಗೆ ಮಂಡೆಬಿಸಿ ಕಡಿಮೆ ಇದ್ದರೆ ಇದನ್ನೊಮ್ಮೆ ನೋಡು. ನಮ್ಮವರು ನಿನ್ನೆ ಸಂಜೆಯಿಂದ ಇದರಲ್ಲೇ ಇದ್ದಾರೆ. ಮನೆಯ ಫ್ಯಾನು ಕೆಟ್ಟು ವಾರ ಆಯ್ತು. ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡ ಗಂಡ, ಚಿಲಿ ದೇಶದ ಮೇಲೆ ಯುದ್ಧಕ್ಕೆ ಹೊರಟಿದ್ದಾರೆ.”

ಸುಪ್ರಿತಾ ಕಡಬದ ಆ ಶಾಲೆಯಲ್ಲಿ ಪಿ.ಟಿ. ಟೀಚರ್. ರಜೆಯ ದಿನಗಳಲ್ಲಿ ಅವಳು ರೆಸ್ಲರ್. ಕಾಲೇಜಿನಲ್ಲಿದ್ದಾಗ ಕಬಡ್ಡಿ ಆಡುತ್ತಿದ್ದವಳನ್ನು ನೋಡಿ ಉಪ್ಪಿನಂಗಡಿಯ ಸುಹೈಬ್ ಎಂಬವರು ಈ ಕಡೆಗೆ ಎಳೆದಿದ್ದರು. ದುಬೈಯಲ್ಲಿ ದೊಡ್ಡ ದೊಡ್ಡ ಕಾರ್ಯಕ್ರಮಗಳಿಗೆ ವೇದಿಕೆ ಕಟ್ಟಿಸುವ ಕೆಲಸ ಮಾಡಿ ಊರಿಗೆ ಮರಳಿದ್ದ ಸುಹೈಬ್, ಪುತ್ತೂರಿನಲ್ಲಿ ‘ಪಡುವಣ ಪ್ರೊ ರೆಸ್ಲಿಂಗ್’ ಎಂಬ ಕಂಪನಿ ತೆರೆದಿದ್ದರು. ಟಿವಿಯಲ್ಲಿ ಬರುವಂಥದ್ದೇ ಕುಸ್ತಿ. ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದು ಮೊದಲೇ ಗೊತ್ತು ಮಾಡಿದ್ದು. ನೋಡುವವರಿಗೂ ಅದು ಗೊತ್ತು. ಆದರೆ ಬೀಳುವುದು ಮಾತ್ರ ನಿಜವಾಗಿ ಬೀಳುವುದೇ. ಹಲಗೆಯ ಮೇಲೆ ತೆಳ್ಳಗಿನ ಮ್ಯಾಟು, ಅದರ ಮೇಲೆ ಕ್ಯಾನ್ವಾಸು. ಬಿದ್ದವರ ಬೆನ್ನಿಗೆ ನಾಟಕ ಯಾವುದು, ನಿಜ ಯಾವುದು ಎಂಬ ವ್ಯತ್ಯಾಸ ತಿಳಿಯುವುದಿಲ್ಲ.

ಫೋನಿನಲ್ಲಿದ್ದದ್ದು ಕಂಪನಿಯ ಪ್ರಕಟಣೆ. ಹೊರದೇಶದ ಮೂವರನ್ನು ಕಂಪನಿ ಸೇರಿಸಿಕೊಂಡಿದೆ. ಜಾರ್ಜಿಯಾದಿಂದ ಒಬ್ಬ, ಕೆನ್ಯಾದಿಂದ ಒಬ್ಬ, ಚಿಲಿಯಿಂದ ಕಮೀಲಾ ಎಂಬ ಹುಡುಗಿ. ಪುತ್ತೂರಿನ ಪಂದ್ಯದಲ್ಲಿ ಚಾಂಪಿಯನ್ ಸುಪ್ರಿತಾಳ ಬೆಲ್ಟಿಗಾಗಿ ಕಮೀಲಾ ಸೆಣಸುತ್ತಾಳೆ. ಕೆಳಗೆ ಜನರ ಮಾತಿನ ಮಳೆ. ಊರಿನಲ್ಲಿ ಹುಡುಗಿಯರು ಇಲ್ಲವಾ ಎಂದು ಒಬ್ಬ. ಬಿಳಿ ತೊಗಲು ಕಂಡರೆ ಸಾಕು, ನಮ್ಮವರು ಬಾಯಿ ಬಿಡ್ತಾರೆ ಎಂದು ಇನ್ನೊಬ್ಬ. ಇನ್ನು ಈ ಕಂಪನಿಯ ಕತೆ ಮುಗಿಯಿತು, ಕಡಬದ ಹೆಮ್ಮೆಯ ಮಗಳನ್ನು ಮೂಲೆಗೆ ತಳ್ಳಲು ಬಿಡುವುದಿಲ್ಲ, ಪ್ರಾಣ ಹೋದರೂ ಸರಿ ಎಂದು ಫರ್ಝಾನಾ ಟೀಚರ ಗಂಡ ಶಾನವಾಝ್ ಉದ್ದಕ್ಕೆ ಬರೆದಿದ್ದರು. ಅದರ ಅಡಿಯಲ್ಲಿ ಯಾರೋ, ಸುಪ್ರಿತಾ ಅಂದರೆ ಯಾರು ಎಂದು ಕೇಳಿದ್ದ. ಅವನಿಗೆ ಹದಿನಾರು ಜನ ಬೈದಿದ್ದರು.

ಸುಪ್ರಿತಾ ಫೋನು ವಾಪಸು ಕೊಟ್ಟು ಮಕ್ಕಳ ಕಡೆ ತಿರುಗಿದಳು. ಅವಳಿಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಏಕೆಂದರೆ ಕಮೀಲಾಳನ್ನು ಕರೆಸಿದ್ದು ಅವಳೇ.

ಅವಳ ಜೊತೆ ಮೊದಲು ಕುಸ್ತಿ ಆಡುತ್ತಿದ್ದವಳು ಸುಳ್ಯದ ತನ್ಮಯೀ. ಬೆನ್ನುನೋವು ಶುರುವಾಗಿ ತನ್ಮಯೀ ಬಿಟ್ಟ ಮೇಲೆ ಸುಪ್ರಿತಾಳಿಗೆ ಎದುರಾಳಿಯೇ ಇರಲಿಲ್ಲ. ಹೊಸದಾಗಿ ಕಲಿಯಲು ಬಂದ ಹುಡುಗಿಯರು ಅವಳನ್ನು ಎತ್ತುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಬ್ಬಳು ಹಾಗೆಯೇ ಕೈಬಿಟ್ಟಾಗ ಸುಪ್ರಿತಾ ಕುತ್ತಿಗೆಯ ಮೇಲೆ ಬಿದ್ದಿದ್ದಳು. ಎಷ್ಟೋ ದಿನ ಬಸ್ಸಿನಲ್ಲಿ ಹಿಂದೆ ತಿರುಗಿ ನೋಡಲಾಗದೆ ಒದ್ದಾಡಿದ್ದಳು. ಆಗಲೇ ಅವಳು ಸುಹೈಬರ ಬೆನ್ನು ಹಿಡಿದದ್ದು. “ಸುಹೈಬಣ್ಣ, ನನಗೆ ಬೆಲ್ಟು ಬೇಡ, ಪೋಸ್ಟರಿನಲ್ಲಿ ಫೋಟೋ ಬೇಡ. ಸರಿಯಾಗಿ ಎತ್ತಿ ಸರಿಯಾಗಿ ಹಾಕುವವಳೊಬ್ಬಳನ್ನು ತಂದು ಕೊಡಿ. ಎಲ್ಲಿಂದಾದರೂ ತನ್ನಿ.” ವರ್ಷವಿಡೀ ಕಾಡಿದ್ದರ ಫಲವಾಗಿ ಕಮೀಲಾ ಬಂದಿದ್ದಳು. ಆದರೆ ಇದನ್ನು ಹೊರಗೆ ಹೇಳುವಂತಿಲ್ಲ. ಕತೆಯ ಪ್ರಕಾರ ಸುಪ್ರಿತಾಳಿಗೆ ಹೊರಗಿನವಳ ಮೇಲೆ ಸಿಟ್ಟು. ‘ಯಾರು ಬಂದರೂ ಪಟ್ಟ ಬಿಡುವುದಿಲ್ಲ’ ಎಂದು ಸುಹೈಬ್ ಅವಳಿಂದ ಹೇಳಿಸಿ ವಿಡಿಯೋ ಮಾಡಿ ಹಾಕಿಯೂ ಆಗಿತ್ತು. ಅದನ್ನೇ ಈಗ ಜನ ಎತ್ತಿ ಎತ್ತಿ ತೋರಿಸುತ್ತಿದ್ದರು.

ಆ ಶನಿವಾರ ಮಧ್ಯಾಹ್ನ ಶಾನವಾಝ್ ಅವಳ ಮನೆಗೇ ಬಂದರು. ಅವರ ಹಿಂದೆ ಇಬ್ಬರು ಹುಡುಗರು ಉದ್ದದ ಫ್ಲೆಕ್ಸೊಂದನ್ನು ಚಾಪೆಯ ಹಾಗೆ ಸುತ್ತಿ ಹೊತ್ತು ತಂದಿದ್ದರು. ಸುಪ್ರಿತಾಳ ಅಮ್ಮ ಸೀತು ಸರಕಾರಿ ಶಾಲೆಯೊಂದರಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವವರು. ಮನೆಗೆ ಯಾರು ಬಂದರೂ ಮೊದಲು ಊಟದ ವಿಚಾರ, ಆಮೇಲೆ ಉಳಿದದ್ದು. ಊಟ ಆಗಿದೆ ಎಂದ ಮೇಲೆ ಚಹಾ ಇಟ್ಟರು.

ಶಾನವಾಝ್ ಜಗಲಿಯಲ್ಲಿ ಫ್ಲೆಕ್ಸ್ ಬಿಡಿಸಿದರು. ‘ಮಣ್ಣಿನ ಮಗಳಿಗೆ ನ್ಯಾಯ ಬೇಕು’ ಎಂದು ಅದರಲ್ಲಿ ಬರೆದಿತ್ತು. ಬದಿಯಲ್ಲಿ ಸುಪ್ರಿತಾಳ ಮುಖ. ಕಬಡ್ಡಿ ಕಾಲದ ಫೋಟೋ, ಗಲ್ಲ ಉಬ್ಬಿಕೊಂಡಿತ್ತು.

“ಹೇಗುಂಟು?”

“ಶಾನವಾಝಣ್ಣ, ಒಂದು ಕೇಳ್ತೇನೆ, ಬೇಜಾರು ಮಾಡಬೇಡಿ,” ಎಂದಳು ಸುಪ್ರಿತಾ. “ನೀವು ನನ್ನ ಮ್ಯಾಚು ಯಾವಾಗ ನೋಡಿದ್ದು?”

“ರೀಲ್ಸ್ ಎಲ್ಲ ನೋಡಿದ್ದೇನೆ.”

“ರೀಲ್ಸ್ ಅಲ್ಲ. ಟಿಕೆಟ್ ತೆಗೆದು, ಕುರ್ಚಿಯಲ್ಲಿ ಕೂತು.”

ಶಾನವಾಝ್ ಚಹಾ ಊದಿದರು. “ಅಂಗಡಿ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ ಅಲ್ಲವಾ. ಅದು ಬೇರೆ ಪ್ರಶ್ನೆ.”

“ಕಳೆದ ಸಲ ಪುತ್ತೂರಿನಲ್ಲಿ ಕುರ್ಚಿಗಿಂತ ಜನ ಕಡಿಮೆ ಇದ್ದರು. ಮುಂದಿನ ಸಾಲಿನಲ್ಲಿ ಕೂತವರು ಐಸ್‌ಕ್ರೀಮ್ ಗಾಡಿಯವರು. ಆಗ ನ್ಯಾಯ ಬೇಡವಾಗಿತ್ತಾ ನನಗೆ?”

“ಅದಕ್ಕೇ ಹೇಳುದು ನಾನು. ನಮ್ಮವಳನ್ನು ಬೆಳೆಸ್ಲಿಕ್ಕೆ ಗೊತ್ತಿಲ್ಲ ಆ ಸುಹೈಬನಿಗೆ. ಈಗ ಚಿಲಿಯಿಂದ ತರ್ತಾನೆ. ಚಿಲಿಯಲ್ಲಿ ಎಂತ ಉಂಟು?”

“ಎಂತ ಉಂಟು ಅಂತ ನನಗೂ ಗೊತ್ತಿಲ್ಲ. ಅವಳಿಗೆ ಕುಸ್ತಿ ಗೊತ್ತುಂಟು, ಅಷ್ಟೇ. ನನಗೆ ಅವಳ ಜೊತೆ ಆಡ್ಲಿಕ್ಕೆ ಇಷ್ಟ ಉಂಟು. ನೀವು ಸುಮ್ಮನೆ ಬಂದು ಕೂತು ನೋಡಿ. ಸಾಕು.”

ಶಾನವಾಝ್ ಹುಡುಗರ ಕಡೆ ನೋಡಿ ಕಣ್ಣು ಮಿಟುಕಿಸಿದರು. “ಕಂಪನಿಯವರು ಹೀಗೆ ಹೇಳು ಅಂತ ಹೇಳಿರ್ತಾರೆ. ಪಾಪ, ಅವಳಾದರೂ ಎಂತ ಮಾಡುದು. ನೀನು ಹೆದರಬೇಡ ತಂಗಿ, ನಾವು ಉಂಟಲ್ಲ.”

ಅವರು ಹೋದ ಮೇಲೆ ಸುಪ್ರಿತಾ ಒಳಗೆ ಬಂದು ಅಡುಗೆಮನೆಯ ಗೋಡೆಗೆ ಹಣೆ ಒತ್ತಿ ನಿಂತಳು. ಸೀತು ಚಹಾದ ಲೋಟ ತೊಳೆಯುತ್ತಾ, “ಆ ಹುಡುಗಿ ಅಷ್ಟು ದೂರದಿಂದ ಬಂದಿದ್ದಾಳೆ, ಅವಳಿಗೆ ಇಲ್ಲಿಯ ಊಟ ಸೇರ್ತದಾ?” ಎಂದು ಕೇಳಿದರು. ಮಗಳ ಕುಸ್ತಿಯ ಬಗ್ಗೆ ಅವರು ಆಡುತ್ತಿದ್ದ ಮಾತು ಇಷ್ಟೇ. ಒಂದು ಪಂದ್ಯಕ್ಕೂ ಅವರು ಬಂದಿರಲಿಲ್ಲ. ಮಗಳು ಬೀಳುವುದನ್ನು ಟಿಕೆಟ್ ಕೊಟ್ಟು ನೋಡಲಿಕ್ಕೆ ಎಂತ ಉಂಟು ಎನ್ನುವುದು ಅವರ ವಾದ.

ಮರುದಿನ ಸುಪ್ರಿತಾ ಶಾಂತಿಮೊಗರು ಸೇತುವೆಯ ಮೇಲಾಗಿ ಹೋಗುವ ಬಸ್ಸು ಹಿಡಿದು ಪುತ್ತೂರಿಗೆ ಹೋದಳು. ಅಭ್ಯಾಸ ನಡೆಯುತ್ತಿದ್ದದ್ದು ಹಿಂದೆ ರಬ್ಬರ್ ಶೀಟು ತುಂಬಿಡುತ್ತಿದ್ದ ಗೋದಾಮಿನಲ್ಲಿ. ಗೋಡೆಗೆ ಈಗಲೂ ಆ ವಾಸನೆ ಇತ್ತು. ಕಮೀಲಾ ಆಗಲೇ ಬಂದು ರಿಂಗಿನ ಹಗ್ಗಗಳನ್ನು ಎಳೆದು ನೋಡುತ್ತಿದ್ದಳು. ಸುಪ್ರಿತಾಳಿಗಿಂತ ಗಿಡ್ಡ, ಅಗಲ ಭುಜ, ಮೂಗು ಯಾವಾಗಲೋ ಮುರಿದು ಕೂಡಿದ್ದು. ಅವಳ ಇಂಗ್ಲಿಷ್ ಸುಪ್ರಿತಾಳ ಇಂಗ್ಲಿಷಿನ ಹಾಗೆಯೇ ತಡವರಿಸುತ್ತಿದ್ದುದರಿಂದ ಇಬ್ಬರಿಗೂ ನಾಚಿಕೆಯಾಗಲಿಲ್ಲ.

ಮೊದಲ ಪಟ್ಟಿನಲ್ಲೇ ಸುಪ್ರಿತಾಳಿಗೆ ತಿಳಿಯಿತು. ಕಮೀಲಾ ಅವಳ ಮಣಿಕಟ್ಟು ಹಿಡಿದ ಹಿಡಿತದಲ್ಲಿ ಮುಂದೆ ಏನು ಮಾಡುತ್ತೇನೆ ಎಂಬುದು ಮೊದಲೇ ಹೇಳಿದಂತಿತ್ತು. ಎತ್ತಿದಳು, ಒಂದು ಕ್ಷಣ ಮೇಲೆ ನಿಲ್ಲಿಸಿದಳು, ಸೊಂಟಕ್ಕೆ ಕೈಕೊಟ್ಟು ಹಾಕಿದಳು. ಬೆನ್ನು ಪೂರ್ತಿ ಒಮ್ಮೆಗೇ ನೆಲಕ್ಕೆ ತಾಗಿ ಗೋದಾಮೆಲ್ಲ ಸದ್ದಾಯಿತು. ಎಲ್ಲೂ ನೋವಿಲ್ಲ. ಸುಪ್ರಿತಾ ಮಲಗಿದಲ್ಲಿಂದಲೇ ಇನ್ನೊಮ್ಮೆ ಎಂದಳು. ಅವತ್ತು ಊಟದ ಹೊತ್ತಿನ ತನಕ ಅವರು ಬಿಟ್ಟೇ ಇಲ್ಲ. ರೆಫ್ರಿ ಕೆಲಸ ಮಾಡುವ ಮಿದ್ಲಾಜ್ ಎಂಬವನು ಮೂಲೆಯಲ್ಲಿ ಕುಳಿತು, “ಇಬ್ಬರಿಗೂ ಹುಚ್ಚು,” ಎಂದು ಬಾಳೆಹಣ್ಣು ತಿನ್ನುತ್ತಿದ್ದ.

ಪುತ್ತೂರಿನ ಪಂದ್ಯದಲ್ಲಿ ಕಮೀಲಾ ಗೆದ್ದು ಬೆಲ್ಟು ಒಯ್ಯುವುದು, ಮುಂದೆ ಸುಳ್ಯದಲ್ಲಿ ಸುಪ್ರಿತಾ ಸೇಡು ತೀರಿಸುವುದು ಎಂದು ಸುಹೈಬ್ ತೀರ್ಮಾನಿಸಿದರು. “ಜನ ಸಿಟ್ಟಿನಲ್ಲಿದ್ದಾರೆ, ಇರ್ಲಿ,” ಎಂದರು ಅವರು. “ಹಾಲು ಉಕ್ಕುವಾಗ ಒಲೆ ಆರಿಸುದಿಲ್ಲ ನಾನು. ಟಿಕೆಟು ಎಲ್ಲ ಖಾಲಿ ಆಗಿದೆ, ಗೊತ್ತುಂಟಾ?”

“ಉಕ್ಕಿ ಒಲೆಗೆ ಬಿದ್ದರೆ ಒರೆಸುದು ನಾವು,” ಎಂದಳು ಸುಪ್ರಿತಾ.

ಪಂದ್ಯ ನಡೆದದ್ದು ಒಂದು ತಿಂಗಳು ಕಳೆದ ಮೇಲೆ, ಭಾನುವಾರ ಸಂಜೆ. ಪುತ್ತೂರಿನ ಆ ಸಭಾಂಗಣದಲ್ಲಿ ಅಷ್ಟು ಜನರನ್ನು ಸುಪ್ರಿತಾ ಹಿಂದೆಂದೂ ನೋಡಿರಲಿಲ್ಲ. ಪರದೆಯ ಸಂದಿಯಲ್ಲಿ ಇಣುಕಿದರೆ ಎದುರಿಗೇ ಅವಳ ಉಬ್ಬಿದ ಗಲ್ಲದ ಫ್ಲೆಕ್ಸು, ಅದರ ಕೆಳಗೆ ಶಾನವಾಝ್ ಮತ್ತು ಅವರ ಬಳಗ. ಅಂಗಡಿಗೆ ಬಾಗಿಲು ಹಾಕಿ ಬಂದಿದ್ದರು. ಕಮೀಲಾ ಬರುತ್ತಿದ್ದ ಹಾಗೆ ಛೀ ಥೂ ಎಂಬ ಗಲಾಟೆ ಎದ್ದಿತು. ಅದು ಆಟದ ಭಾಗವೇ. ಹೊರಗಿನವಳು ಬಂದಾಗ ಜನ ಕೂಗಬೇಕು. ಕಮೀಲಾ ಕೂಡ ಖುಷಿಯಿಂದಲೇ ಅವರಿಗೆ ಮುಷ್ಟಿ ತೋರಿಸಿದಳು. ಆದರೆ ಪಂದ್ಯ ಶುರುವಾದ ಮೇಲೂ ಆ ಗದ್ದಲ ನಿಲ್ಲಲಿಲ್ಲ. ಕುಸ್ತಿ ಆಡುವವರು ಮುಂದಿನ ಪಟ್ಟು ಯಾವುದೆಂದು ಒಬ್ಬರಿಗೊಬ್ಬರು ಮೆಲ್ಲಗೆ ಹೇಳಿಕೊಳ್ಳುತ್ತಾರೆ. ಕಿವಿಗೆ ಬಾಯಿಟ್ಟು ಹೇಳಿದರೂ ಕೇಳಿಸದಷ್ಟು ಬೊಬ್ಬೆ. ಸುಪ್ರಿತಾ ಎರಡು ಸಲ ತಪ್ಪು ಕಡೆ ತಿರುಗಿದಳು. ಯಾರೂ ಆಟ ನೋಡುತ್ತಿರಲಿಲ್ಲ. ಕಮೀಲಾ ಹಗ್ಗದ ಮೇಲಿಂದ ಹಾರಿ ಬಂದದ್ದು, ಅವಳನ್ನು ಸುಪ್ರಿತಾ ಗಾಳಿಯಲ್ಲೇ ಹಿಡಿದದ್ದು, ಇಬ್ಬರೂ ತಿಂಗಳಿನಿಂದ ಕಲಿತದ್ದೆಲ್ಲ ಯಾರ ಕಣ್ಣಿಗೂ ಬೀಳದೆ ಹೋಯಿತು. ವಾಪಸು ಹೋಗು, ವಾಪಸು ಹೋಗು ಎಂದು ಅವರು ತಾಳಕ್ಕೆ ಸರಿಯಾಗಿ ಕೂಗುತ್ತಿದ್ದರು.

ಕೊನೆಯ ಪಟ್ಟಿಗೆ ಕಮೀಲಾ ಅವಳನ್ನು ಭುಜಕ್ಕೆ ಎತ್ತಿಕೊಂಡಳು. ಆಗಲೇ ಎಲ್ಲಿಂದಲೋ ಅರ್ಧ ತುಂಬಿದ ನೀರಿನ ಬಾಟಲಿಯೊಂದು ಬಂದು ರಿಂಗಿಗೆ ಬಿದ್ದು ಉರುಳಿತು. ಕಮೀಲಾ ತಿರುಗುವಾಗ ಕಾಲು ಅದರ ಮೇಲೆ ಬಿತ್ತು. ಸುಪ್ರಿತಾಳಿಗೆ ಮೇಲಿನಿಂದ ಎಲ್ಲವೂ ಓರೆಯಾಗಿ ಕಂಡಿತು. ತಲೆ ಕೆಳಗಾಗಿ ಹೋಗುತ್ತಿದ್ದೇನೆ ಎಂದು ಗೊತ್ತಾಯಿತು. ಕೈಬಿಟ್ಟಿದ್ದರೆ ಕಮೀಲಾ ಉಳಿದುಕೊಳ್ಳುತ್ತಿದ್ದಳು. ಅವಳು ಬಿಡಲಿಲ್ಲ. ಬೀಳುತ್ತಾ ಬೀಳುತ್ತಾ ತಾನೇ ಹೊರಳಿ ಸುಪ್ರಿತಾಳ ಅಡಿಗೆ ಬಂದಳು. ಇಬ್ಬರ ಭಾರವೂ ಅವಳ ಬಲ ಭುಜದ ಮೇಲೆ ಬಿತ್ತು. ಮೂಳೆ ಜಾರಿದ ಸದ್ದು ಸುಪ್ರಿತಾಳ ಕಿವಿಯ ಹತ್ತಿರವೇ ಕೇಳಿಸಿತು.

ಕಮೀಲಾ ಕೂಗಿದಳು. ನಟನೆಯ ಕೂಗು ಅದಲ್ಲ. ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಶಿಳ್ಳೆ ಹಾಕಿದರು.

ಮಿದ್ಲಾಜ್ ಮೊಣಕಾಲೂರಿ ಕಮೀಲಾಳ ಮುಖದ ಹತ್ತಿರ ಬಗ್ಗಿದ, ಮತ್ತೆ ಸುಪ್ರಿತಾಳ ಕಡೆ ಸರಿದು, “ಅವಳಿಗೆ ಆಗುದಿಲ್ಲ. ನೀನು ಗೆಲ್ಲು ಅಂತ ಹೇಳ್ತಾಳೆ. ಬೇಗ ಅವಳನ್ನು ಅದುಮು, ನಾನು ಮೂರು ಎಣಿಸಿ ಮುಗಿಸ್ತೇನೆ,” ಎಂದ.

ಅದೇ ಸರಿಯಾದದ್ದು. ಜೊತೆಗಾರರಿಗೆ ಏಟಾದರೆ ಕತೆ ಬದಲಿಸಿ ಮುಗಿಸಬೇಕು. ಕಲಿಯುವಾಗ ಮೊದಲು ಹೇಳಿಕೊಡುವುದೇ ಅದನ್ನು. ಸುಪ್ರಿತಾ ಕಮೀಲಾಳ ಎದೆಯ ಮೇಲೆ ಕೈಯಿಟ್ಟಳು ಕೂಡ. ಆಗ ಅವಳ ಕಣ್ಣು ಜನರ ಕಡೆ ಹೋಯಿತು. ಶಾನವಾಝ್ ಕುರ್ಚಿಯ ಮೇಲೆ ಹತ್ತಿ, ಅಂಗಿಯ ಬೆವರು ಕಾಣುವ ಹಾಗೆ ಎರಡೂ ಕೈ ಎತ್ತಿ ಕುಣಿಯುತ್ತಿದ್ದರು. ನೋವಿನಿಂದ ಬಾಯಿ ಬಿಟ್ಟುಕೊಂಡು ಬಿದ್ದವಳನ್ನು ನೋಡಿ ಅಷ್ಟೂ ಜನ ನಗುತ್ತಿದ್ದರು. ತನ್ನ ಹೆಸರು ಕೂಗುತ್ತಿದ್ದರು. ಸುಪ್ರಿತಾಳ ಮೈ ಉರಿದು ಹೋಯಿತು. ಇವರಿಗೆ ಈ ಖುಷಿ ಕೊಡಬಾರದು ಎನ್ನುವುದೊಂದೇ ಅವಳ ತಲೆಯಲ್ಲಿ ಉಳಿದದ್ದು.

ಅವಳು ಕಮೀಲಾಳ ಪಕ್ಕದಲ್ಲಿ ಅಂಗಾತ ಮಲಗಿದಳು. ಅವಳ ಎಡಗೈಯನ್ನು ಮೆಲ್ಲಗೆ ಎಳೆದು ತನ್ನ ಎದೆಯ ಮೇಲೆ ಇಟ್ಟುಕೊಂಡಳು.

“ಎಣಿಸು,” ಎಂದಳು.

“ಎಂತ ಮಾಡ್ತಾ ಇದ್ದಿ ನೀನು?”

“ಎಣಿಸು ಮಿದ್ಲಾಜ್.”

ಮಿದ್ಲಾಜ್ ನೆಲಕ್ಕೆ ಕೈ ಬಡಿದು ಮೂರು ಎಣಿಸಿದ. ಎದುರಾಳಿಯ ಕೈಯಡಿಯಲ್ಲಿ ಮೂರರ ತನಕ ಏಳದವಳು ಸೋತಂತೆ; ಬೆಲ್ಟು ಕಮೀಲಾಳದಾಯಿತು. ಆಮೇಲೆ ಬಂದ ಬೈಗುಳ ಅಷ್ಟಿಷ್ಟಲ್ಲ, ಎಲ್ಲವೂ ಸುಪ್ರಿತಾಳಿಗೆ.

ಪುತ್ತೂರಿನ ಆಸ್ಪತ್ರೆಯಲ್ಲಿ ಕಮೀಲಾಳ ಭುಜ ಕೂರಿಸಿ ಕೈಗೆ ಜೋಳಿಗೆಯ ಹಾಗೆ ಪಟ್ಟಿ ಕಟ್ಟಿದರು. ಮೂರು ತಿಂಗಳು ಕುಸ್ತಿ ಇಲ್ಲ ಎಂದರು ಡಾಕ್ಟರು. ಹೊರಗಿನ ಬೆಂಚಿನಲ್ಲಿ ಸುಹೈಬ್ ತಲೆಗೆ ಕೈಹೊತ್ತು ಕುಳಿತಿದ್ದರು.

“ನನಗೆ ಒಂದು ಅರ್ಥ ಮಾಡಿಸು ಸುಪ್ರಿತಾ. ಅವಳೇ ಹೇಳಿದಳು ನೀನು ಗೆಲ್ಲು ಅಂತ. ರೆಫ್ರಿ ಹೇಳಿದ. ಈಗ ಕೈ ಕಟ್ಟಿಕೊಂಡು ಮಲಗಿದ ಚಾಂಪಿಯನ್‌ನನ್ನು ಇಟ್ಟುಕೊಂಡು ನಾನು ಎಂತ ಮಾಡುದು? ಪೋಸ್ಟರಿಗೆ ಎಕ್ಸ್‌ರೇ ಹಾಕುದಾ?”

ಸುಪ್ರಿತಾ ವಾರ್ಡಿನ ಬಾಗಿಲು ತಳ್ಳಿದಳು. ಒಳಗೆ ಹೋದರೆ ಕಮೀಲಾಳಿಗೂ ಸಿಟ್ಟು ಬಂದಿತ್ತು. ಅವಳು ಔಷಧದ ಮಂಪರಿನಲ್ಲೇ ಗದರಿದಳು. ನಾನು ಹೇಳಿದ್ದನ್ನು ಯಾಕೆ ಮಾಡಲಿಲ್ಲ? ನನ್ನ ಮೇಲೆ ಕರುಣೆಯಾ? ಬೇಗ ಮುಗಿಸಿದ್ದರೆ ಬೇಗ ಆಸ್ಪತ್ರೆಗೆ ಬರುತ್ತಿದ್ದೆ. ನೀನು ನನ್ನ ಕೈ ಎಳೆದು ಎದೆಯ ಮೇಲೆ ಇಡುವ ನಾಟಕ ಮಾಡಿದೆ.

“ಕರುಣೆ ಅಲ್ಲ,” ಎಂದಳು ಸುಪ್ರಿತಾ. “ಅವರ ಮೇಲೆ ಸಿಟ್ಟು ಬಂತು.”

“ಸಿಟ್ಟು ಅವರ ಮೇಲೆ. ನೋವು ನನ್ನ ಭುಜಕ್ಕೆ,” ಎಂದು ಕಮೀಲಾ ಗೋಡೆಯ ಕಡೆ ಮುಖ ಮಾಡಿದಳು. ಅದು ನಿಜವೇ ಆಗಿತ್ತು. ಸುಪ್ರಿತಾ ಸ್ಟೂಲನ್ನು ಮಂಚದ ಹತ್ತಿರ ಎಳೆದು ಕುಳಿತಳು. ಕ್ಷಮಿಸು ಎಂದಳು. ಕಮೀಲಾ ತಿರುಗದೆಯೇ, ನೀರು ಕೊಡು ಎಂದಳು.

ಕಮೀಲಾ ಉಳಿದುಕೊಂಡಿದ್ದದ್ದು ಪುತ್ತೂರಿನ ಲಾಡ್ಜಿನಲ್ಲಿ. ಒಂದೇ ಕೈಯಲ್ಲಿ ಅವಳು ಅಲ್ಲಿ ಹೇಗಿರುತ್ತಾಳೆ ಎಂದು ಸೀತು ಮಗಳನ್ನು ಬೈದು, ಮೂರನೆಯ ದಿನ ತಾವೇ ಬಂದು ಕಡಬಕ್ಕೆ ಕರೆದುಕೊಂಡು ಹೋದರು. ಸೀತುವಿಗೆ ಇಂಗ್ಲಿಷ್ ಬಾರದು. ಕಮೀಲಾಳಿಗೆ ತುಳು ಬಾರದು. ಆದರೂ ಇಬ್ಬರೂ ಅಡುಗೆಮನೆಯಲ್ಲಿ ಸಂಜೆಯಿಡೀ ಮಾತಾಡುತ್ತಿದ್ದರು. ಶಾಲೆಯಿಂದ ಬಂದ ಸುಪ್ರಿತಾಳಿಗೆ ಅದನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿಯುತ್ತಿತ್ತು. ಶಾಲೆಯಲ್ಲೂ ನೆಮ್ಮದಿ ಇರಲಿಲ್ಲ. ಸುಪ್ರಿತಾ ಮಾರಿಹೋದಳು, ದುಡ್ಡು ತೆಗೆದುಕೊಂಡು ಬಿದ್ದಳು ಎಂದು ಊರಿಡೀ ಸುದ್ದಿ. ಏಳನೆಯ ತರಗತಿಯವನೊಬ್ಬ, “ಟೀಚರ್, ನೀವು ಯಾಕೆ ಬೇಕೆಂದೇ ಸೋತದ್ದು?” ಎಂದು ಡ್ರಿಲ್ಲಿನ ನಡುವೆ ಕೇಳಿದ. ಓಡು ಎಂದು ಅವನನ್ನು ಮೈದಾನ ಸುತ್ತಿಸಿದಳು.

“ನಾನು ಮಾತಾಡುದನ್ನೇ ಬಿಟ್ಟಿದ್ದೇನೆ ಅವರ ಹತ್ತಿರ,” ಎಂದರು ಫರ್ಝಾನಾ ಟೀಚರ್. “ಭಾನುವಾರ ನಿನ್ನ ಮನೆಗೆ ಬರ್ತಾರಂತೆ. ಎದುರಿಗೇ ಕೇಳ್ತಾರಂತೆ. ನೀನು ಬಾಗಿಲು ಹಾಕಿಕೊ.”

ಸುಪ್ರಿತಾ ಬಾಗಿಲು ಹಾಕಿಕೊಳ್ಳಲಿಲ್ಲ. ಈ ಸಲ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಕಾದು ಕುಳಿತಿದ್ದಳು. ಶಾನವಾಝ್ ಒಬ್ಬರೇ ಬಂದರು. ಗೇಟು ದಾಟುವ ಮೊದಲೇ ಶುರುಮಾಡಿದರು.

“ನಾವು ಎಷ್ಟು ಮಾಡಿದೆವು ನಿನಗೆ. ಫ್ಲೆಕ್ಸು ಮಾಡಿಸಿದೆವು, ಬಸ್ಸು ಮಾಡಿಕೊಂಡು ಬಂದೆವು. ಕಡೆಗೆ ನೀನೇ ಅಂಗಾತ ಮಲಗಿದೆ.”

“ಬಾಟಲಿ ಎಸೆದದ್ದು ಯಾರು ಶಾನವಾಝಣ್ಣ?”

“ಅದು ನಮ್ಮವರಲ್ಲ.”

“ಹೌದು, ಚಿಲಿಯಿಂದಲೇ ಬಂದಿರಬೇಕು. ಅವಳು ಕೈಬಿಟ್ಟಿದ್ದರೆ ನನ್ನ ಕುತ್ತಿಗೆ ಮುರಿಯುತ್ತಿತ್ತು. ನಿಮ್ಮ ಮಣ್ಣಿನ ಮಗಳನ್ನು ಮಣ್ಣಿಗೇ ಹಾಕ್ಲಿಕ್ಕೆ ನೀವು ಇನ್ನೊಂದು ಬಸ್ಸು ಮಾಡಬೇಕಿತ್ತು. ಅವಳು ಅಡಿಗೆ ಬಂದು ತನ್ನ ಭುಜ ಕೊಟ್ಟಳು. ನೀವು ಕುರ್ಚಿಯ ಮೇಲೆ ನಿಂತು ಕುಣಿದಿರಿ. ನಾನು ನೋಡಿದ್ದೇನೆ.”

ಆ ಹೊತ್ತಿಗೆ ಸರಿಯಾಗಿ ಕಮೀಲಾ ಸೀತುವಿನ ನೈಟಿಯೊಂದನ್ನು ತೊಟ್ಟು, ಎಡಗೈಯಲ್ಲಿ ಗಂಜಿಯ ಬಟ್ಟಲು ಹಿಡಿದು ಜಗಲಿಗೆ ಬಂದಳು. ಹೊಸಬರನ್ನು ಕಂಡು ನಿಂತು, ಸೀತು ಕಲಿಸಿದ್ದನ್ನು ಬಹಳ ಶ್ರದ್ಧೆಯಿಂದ, ಒಂದೊಂದು ಅಕ್ಷರ ಬಿಡಿಸಿ ಕೇಳಿದಳು.

“ಒಣಸ್ ಆಂಡಾ?”

ಊಟ ಆಯಿತಾ ಎಂಬ ಆ ತುಳುವಿನ ಮಾತು ಕೇಳಿ ಶಾನವಾಝರ ಮುಖ ಬದಲಾದದ್ದನ್ನು ಸುಪ್ರಿತಾ ಜನ್ಮದಲ್ಲಿ ಮರೆಯಲಾರಳು. ಸಿಟ್ಟೆಲ್ಲ ಎಲ್ಲಿ ಹೋಯಿತೋ. ಎರಡೂ ಕೈ ಎದೆಯ ಮೇಲಿಟ್ಟು, “ಆಂಡ್ ಮಾರಾಯ್ತಿ, ಆಂಡ್,” ಎಂದರು. ಹೆಸರು ಕೇಳಿದರು. ಕಮೀಲಾ ಎಂದಾಗ, “ನಮ್ಮಲ್ಲಿಯ ಹುಡುಗಿಯರ ಹೆಸರಿನ ಹಾಗೆಯೇ ಉಂಟಲ್ಲ,” ಎಂದರು. ಭುಜ ಹೇಗಿದೆ ಎಂದು ಕೇಳಿ ಕಣ್ಣು ಒದ್ದೆ ಮಾಡಿಕೊಂಡರು. ಫೋನು ತೆಗೆದು, ಅದನ್ನೇ ಇನ್ನೊಮ್ಮೆ ಹೇಳು ಎಂದು ವಿಡಿಯೋ ಮಾಡಿಕೊಂಡರು. ಹೋಗುವಾಗ ಸುಪ್ರಿತಾಳ ಕಡೆ ತಿರುಗಿ ಮೆಲ್ಲಗೆ, “ಇಂಥ ಪಾಪದ ಹುಡುಗಿಯ ಮೇಲೆ ಇಬ್ಬರ ಭಾರ ಬಿತ್ತು ಅಂದರೆ, ನೀನು ಸ್ವಲ್ಪ ಜಾಗ್ರತೆ ಮಾಡಬಹುದಿತ್ತು,” ಎಂದರು.

ಸುಪ್ರಿತಾ ಜಗಲಿಯ ಕಂಬ ಹಿಡಿದುಕೊಂಡಳು.

ಆ ವಿಡಿಯೋ ಎರಡು ದಿನದಲ್ಲಿ ಮಂಗಳೂರು ದಾಟಿ ಗಲ್ಫಿನ ತನಕ ಹೋಯಿತು. ತುಳು ಮಾತಾಡುವ ಚಿಲಿಯ ಹುಡುಗಿ. ಒಂದೇ ಮಾತು ಅವಳಿಗೆ ಬರುತ್ತಿದ್ದದ್ದು, ಅದು ಸಾಕಾಯಿತು. ಆರು ವರ್ಷ ಈ ಊರಿನಲ್ಲಿ ಬಿದ್ದು ಎದ್ದರೂ ಸುಪ್ರಿತಾಳ ಒಂದು ವಿಡಿಯೋವನ್ನು ಇದರ ಕಾಲು ಭಾಗ ಜನವೂ ನೋಡಿರಲಿಲ್ಲ; ಅವಳಾದರೋ ಹುಟ್ಟಿದಂದಿನಿಂದ ತುಳುವನ್ನೇ ಮಾತಾಡುವವಳು. ಕಮೀಲಾಳಿಗೆ ಮನೆಮನೆಯಿಂದ ಊಟದ ಕರೆ ಬಂದಿತು. ಫರ್ಝಾನಾ ಟೀಚರ ಮನೆಯಲ್ಲಿ ಅಕ್ಕಿರೊಟ್ಟಿಯಂಥ ಪತ್ತಿರಿ ತಿಂದು ಬಂದಳು. ಶಾನವಾಝರ ಬಳಗ ಹೆಸರು ಬದಲಿಸಿಕೊಂಡು ಕಮೀಲಾ ಅಭಿಮಾನಿ ಬಳಗವಾಯಿತು. ಅವಳ ಭುಜ ಮುರಿದದ್ದು ಸುಪ್ರಿತಾಳಿಂದ ಎಂಬ ಮಾತೂ ಹಾಗೆಯೇ ಹುಟ್ಟಿಕೊಂಡಿತು.

“ಇವರಿಗೆ ಎಂತ ಹೇಳುದು ಸುಹೈಬಣ್ಣ?” ಎಂದು ಸುಪ್ರಿತಾ ಫೋನಿನಲ್ಲಿ ಕೇಳಿದಳು.

“ಎಂತ ಹೇಳುದೂ ಬೇಡ. ಸುಳ್ಯದಲ್ಲಿ ನೀನು ಕೆಟ್ಟವಳು. ಅವಳ ಭುಜಕ್ಕೇ ಹೊಡೆಯಬೇಕು. ಆದರೂ ಅವಳೇ ಗೆಲ್ಲುದು, ಬೆಲ್ಟು ಅಲ್ಲೇ ಇರ್ಲಿ.”

“ಸುಳ್ಯದಲ್ಲಿ ನಾನು ಗೆಲ್ಲುದು ಅಂತ ಇತ್ತಲ್ಲ?”

“ಇತ್ತು. ಈಗ ನೀನು ಗೆದ್ದರೆ ನನ್ನ ಕುರ್ಚಿ ಎಲ್ಲ ಮುರಿದು ಹಾಕ್ತಾರೆ ಮಾರಾಯ್ತಿ.”

ಫೋನಿಟ್ಟು ಸುಪ್ರಿತಾ ಕಮೀಲಾಳಿಗೆ ವಿಷಯ ಹೇಳಿದಳು. ಕಮೀಲಾ ಮೊದಲ ಸಲ ಬಾಯಿತುಂಬ ನಕ್ಕಳು. ನಕ್ಕರೆ ಭುಜ ನೋಯುತ್ತದೆಂದು ಬೈಯುತ್ತಾ ನಕ್ಕಳು. ಒಳ್ಳೆಯವಳಾಗಿರುವುದು ಬಹಳ ಬೇಸರದ ಕೆಲಸ, ನಿನಗೆ ಸಿಕ್ಕಿದ್ದೇ ಚಂದದ ಪಾತ್ರ ಎಂದಳು. ಸುಪ್ರಿತಾಳಿಗೆ ಆಗ ನಗು ಬರಲಿಲ್ಲ.

ಮಳೆಗಾಲ ಮುಗಿದ ಮೇಲೆ ಸುಳ್ಯದ ಪಂದ್ಯ ನಡೆಯಿತು. ಭುಜಕ್ಕೆ ನೀಲಿ ಪಟ್ಟಿ ಅಂಟಿಸಿಕೊಂಡು ಕಮೀಲಾ ರಿಂಗಿಗೆ ಬಂದಾಗ ಜನ ಎದ್ದು ನಿಂತರು. ಸುಪ್ರಿತಾ ಬಂದಾಗ ಬಂದ ಬೊಬ್ಬೆಗೆ ಶೀಟು ಹೊದಿಸಿದ ಮಾಡು ನಡುಗಿತು. ಅವಳು ಏನೂ ಮಾಡದೆ ಮೂಲೆಯಲ್ಲಿ ನಿಂತಳು. ಮುಂದಿನ ಸಾಲಿನಲ್ಲಿ ಫರ್ಝಾನಾ ಟೀಚರ ಪಕ್ಕದಲ್ಲಿ ಅವಳ ಅಮ್ಮ ಕುಳಿತಿದ್ದರು. ಕಮೀಲಾ ಕರೆದಳೆಂದು ಬಂದಿದ್ದರು. ಅದನ್ನು ಕಂಡು ಸುಪ್ರಿತಾಳಿಗೆ ಬಂದ ಸಿಟ್ಟು ನಟನೆಯದ್ದಾಗಿರಲಿಲ್ಲ.

ಗಂಟೆ ಬಾರಿಸಿದರು. ಕಮೀಲಾ ಅವಳ ಮಣಿಕಟ್ಟು ಹಿಡಿದಳು. ಆ ಹಿಡಿತದಲ್ಲಿ ಮುಂದಿನದ್ದೆಲ್ಲ ಸ್ಪಷ್ಟವಾಗಿತ್ತು. ಈ ಸಲ ಜನರ ಗಲಾಟೆ ಏರಿದಾಗಲೂ ಮಾತು ಬೇಕಾಗಲಿಲ್ಲ. ಇಬ್ಬರೂ ಮೂರು ವಾರ ಕಣ್ಣು ಕಟ್ಟಿಕೊಂಡು ಅಭ್ಯಾಸ ಮಾಡಿದ್ದರು. ಸುಪ್ರಿತಾ ನೀಲಿ ಪಟ್ಟಿಯ ಮೇಲೆ ಮೊಣಕೈ ಊರಿದಾಗ ಹೆಂಗಸೊಬ್ಬಳು ಶಾಪ ಹಾಕಿದ್ದು ಕೇಳಿಸಿತು. ಜನ ಈಗ ನೋಡುತ್ತಿದ್ದರು. ಬೈಯುತ್ತಲೇ, ಆದರೆ ಕಣ್ಣು ಮಿಟುಕಿಸದೆ, ಯಾವ ಪಟ್ಟು ಹೇಗೆ ಬಿಡಿಸಿಕೊಂಡಳು, ಯಾರು ಯಾರ ಕೆಳಗೆ ಬಂದರು ಎಂದು ನೋಡುತ್ತಿದ್ದರು. ಕಮೀಲಾ ಅವಳನ್ನು ಎತ್ತಿದಾಗ ಸಭೆಯ ಉಸಿರು ನಿಂತದ್ದು ಸುಪ್ರಿತಾಳಿಗೆ ಮೇಲಿನಿಂದ ತಿಳಿಯಿತು. ತನ್ಮಯೀ ಬಿಟ್ಟ ಮೇಲೆ ಅವಳು ಇಷ್ಟು ಚೆನ್ನಾಗಿ ಬಿದ್ದಿರಲಿಲ್ಲ. ಮೂರು ಎಣಿಸುವಾಗ ಅಂಗಾತ ಮಲಗಿ ಮಾಡಿನ ಶೀಟುಗಳನ್ನು ನೋಡುತ್ತಾ ಅವಳು ನಕ್ಕಳು. ಕೆಟ್ಟವಳು ನಗುವಂತಿಲ್ಲ ಎಂದು ಮಿದ್ಲಾಜ್ ಹಲ್ಲು ಕಚ್ಚಿಕೊಂಡೇ ಗದರಿದ.

ಒಳಗಿನ ಕೋಣೆಯಲ್ಲಿ ಸೀತು ಮಗಳ ಬೆನ್ನು ಒತ್ತಿ ನೋಡಿದರು. ಎಲ್ಲಿ ನೋವು ಎಂದರು. ಎಲ್ಲೂ ಇಲ್ಲ ಎಂದರೆ ನಂಬಲಿಲ್ಲ. ಅಷ್ಟರಲ್ಲಿ ಶಾನವಾಝ್ ಜನರನ್ನು ಸರಿಸಿಕೊಂಡು ಬಂದರು. ಸುಪ್ರಿತಾಳನ್ನು ಕಂಡು ಮುಖ ಗಂಟು ಹಾಕಿಕೊಂಡರು; ಕಮೀಲಾಳ ಪಕ್ಕ ಹೋಗಿ ನಿಂತರು. ಫೋಟೋ ತೆಗೆಯುವವರು ಯಾರೂ ಕಾಣಲಿಲ್ಲ. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಕೊನೆಗೆ ಫೋನನ್ನು ಸುಪ್ರಿತಾಳ ಕಡೆಗೇ ಚಾಚಿದರು.

“ಒಂದು ತೆಗಿ. ಅಡ್ಡ ಹಿಡಿ, ಬೆಲ್ಟು ಕಾಣಬೇಕು.”

ಸುಪ್ರಿತಾ ಬೆವರಿನ ಕೈಯನ್ನು ಚಡ್ಡಿಗೆ ಒರೆಸಿ ಫೋನು ತೆಗೆದುಕೊಂಡಳು. ಕಮೀಲಾ ನಗು ತಡೆಯಲಾಗದೆ ತುಟಿ ಕಚ್ಚಿಕೊಂಡಿದ್ದಳು.

“ಶಾನವಾಝಣ್ಣ, ಸ್ವಲ್ಪ ಹಿಂದೆ ಹೋಗಿ,” ಎಂದಳು ಸುಪ್ರಿತಾ. “ನಿಮ್ಮ ಹೊಟ್ಟೆಯೇ ಬೆಲ್ಟಿಗೆ ಅಡ್ಡ ಬರ್ತದೆ.”

ಅವರು ಉಸಿರು ಒಳಗೆಳೆದುಕೊಂಡು ನಿಂತರು. ಸುಪ್ರಿತಾ ಫೋನು ಹಿಡಿದು, ಸರಿಯಾಗಿಲ್ಲ, ಸರಿಯಾಗಿಲ್ಲ ಎನ್ನುತ್ತಾ ಅವರನ್ನು ಹಾಗೆಯೇ ಬಹಳ ಹೊತ್ತು ನಿಲ್ಲಿಸಿದಳು.